ಪಾರಕ್ಕನ ಬೆಳ್ಳಿಯ ಗುಂಡಗಡಗಿ

ಬಸವಕಲ್ಯಾಣ
9 ಜನವರಿ 2025

ಚಿರಂಜೀವಿ ಮನೀಷಾಗೆ ಗುರುಶಾಂತ ಮಾಮಾನ ಆಶೀರ್ವಾದ.

ಬಾಯಲ್ಲಿ ಹಲ್ಲಿಲ್ಲ, ಬಲಗಿವಿಯಲ್ಲಿ ಶಬ್ದವಿಲ್ಲ. ಇವೆರಡು ಬಿಟ್ಟರೆ ನಾನು ಶೋರೂಮಿನಿಂದ ಈಗ ತಾನೇ ಇಳಿಸಿದ ಟ್ರ್ಯಾಕ್ಟರ್ ಇದ್ದಂತೆ ಇದ್ದೇನೆ. ಹುಲಸೂರಿನ ಆಡಿನ ಹಾಲು ಕುಡಿದು ಬೆಳೆದ ಮೈ ಇದು, ಸುಮ್ಮನೆ ಅಲ್ಲ. ನೀನು ಫೋನು ಬಿಟ್ಟು ಪತ್ರ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನನಗೆ ಜೇನುಗೂಡು ಗುಂಯ್ ಅಂದಂತೆ ಕೇಳುತ್ತದೆ, ನಾನು ಎಲ್ಲಕ್ಕೂ ಹೂಂ ಅನ್ನುತ್ತೇನೆ. ಆಮೇಲೆ ನಿನ್ನ ಮಾಮಿ, 'ಯಾವುದಕ್ಕ ಹೂಂ ಅಂದ್ರಿ, ಗೊತ್ತೇನ್ರಿ?' ಅಂತ ಜಗಳ ತೆಗೆಯುತ್ತಾಳೆ. ಅಂಚೆಯವನು ಓಣಿಯಲ್ಲಿ ನಿಂತು ನನ್ನ ಹೆಸರು ಕೂಗಿದಾಗ ಮಂದಿ ಬಾಗಿಲಿಗೆ ಬಂದರು. ನಾನು ಬೇಕಂತಲೇ ನಿಧಾನ ನಡೆದು ಹೋಗಿ ತೆಗೆದುಕೊಂಡೆ.

ನಮ್ಮ ಅಕ್ಕ, ನಿನ್ನ ಅವ್ವ ಪಾರ್ವತಿಬಾಯಿಯ ಗುಂಡಗಡಗಿಯನ್ನು ನಿನ್ನ ಮಗಳು ನೀಲಾಳ ಕೊರಳಿಗೆ ಹಾಕಬೇಕು ಅಂತ ಬರೆದಿದ್ದೀ. ಬಸವ ಜಯಂತಿಯ ದಿನ ಕೂಸಿಗೆ ಲಿಂಗದೀಕ್ಷೆ. ಪಾರಕ್ಕ ಮಣ್ಣಿಗೆ ಹೋದಾಗ ಅವಳ ಲಿಂಗ ಅವಳ ಅಂಗೈಯಲ್ಲೇ ಹೋಯಿತು. ಲಿಂಗ ಇಟ್ಟುಕೊಳ್ಳುತ್ತಿದ್ದ ಬೆಳ್ಳಿಯ ಡಬ್ಬಿ ಮಾತ್ರ ನಿನ್ನ ಕೈಯಲ್ಲಿ ಉಳಿಯಿತು. ಅದು ನಮ್ಮವ್ವನ ಕೊರಳಿನಿಂದ ಅವಳಿಗೆ ಬಂದದ್ದು, ಅವಳಿಂದ ನೀಲಾಳಿಗೆ ಹೋಗುವುದು ಬರೋಬರ್. ಆದರೆ ಮೈತುಂಬ ಎಣ್ಣೆಯ ಜಿಡ್ಡು ಕುಂತು ಕರ್ರಗೆ, ಅಂಟಂಟು ಆಗಿದೆ, ಮನೆಯಲ್ಲೇ ಹೇಗೆ ಸಾಫ್ ಮಾಡುವುದು ಅಂತ ಕೇಳಿದ್ದೀ.

ಮಗಳೇ, ಗಾಣದ ಮನೆಯಲ್ಲಿ ಹುಟ್ಟಿದವನಿಗೆ ಎಣ್ಣೆಯ ಮಾತು ಕೇಳುತ್ತೀಯಾ? ದುಬಲಗುಂಡಿಯಲ್ಲಿ ನಾನು ಕಲಿತದ್ದು ಏಳನೇ ಇಯತ್ತೆ, ಆದರೆ ಎಣ್ಣೆಯ ವಿಷಯದಲ್ಲಿ ನನಗೆ ಪದವಿ ಕೊಡಬೇಕು. ಬರೆದುಕೋ. ಒಲೆಯ ಬೂದಿ ಜರಡಿ ಹಿಡಿ, ಹುಣಸೆಹಣ್ಣು ಕಿವುಚಿ ಅದರಲ್ಲಿ ಕಲಸು, ಬಳಿದು ಬಿಡು, ಆಮೇಲೆ ತೆಂಗಿನ ನಾರಿನಿಂದ ತಿಕ್ಕು. ಚಂದ್ರ ಹುಟ್ಟಿದಂತೆ ಹೊರಗೆ ಬರುತ್ತದೆ.

ನೀವೇ ಬಂದು ಮಾಡಿಕೊಡಿ ಅಂದಿದ್ದೀ. ಈಗ ಹಳ್ಳಿಖೇಡದ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ರಸ್ತೆ ತುಂಬ ಓಡಾಡುತ್ತಿವೆ, ಬಸ್ಸು ಮುಂದೆ ಹೋಗುವುದಿಲ್ಲ. ಮೊಳಕಾಲೂ ಹಿಡಿದುಕೊಂಡಿದೆ. ನೋಡೋಣ.

ಎಣ್ಣೆಯಲ್ಲೇ ಹುಟ್ಟಿ ಬೆಳೆದ ನಿನ್ನ ಮಾಮಾ,
ಗುರುಶಾಂತ


ಹುಮನಾಬಾದ್
21 ಜನವರಿ 2025

ಪ್ರೀತಿಯ ಮಾಮಾನವರಿಗೆ ಮನೀಷಾಳ ಶರಣಾರ್ಥಿ.

ನಿಮ್ಮ ಚಂದ್ರ ಹುಟ್ಟಲಿಲ್ಲ. ಬೂದಿ ಹೋಗಿ ಆ ಜಿಡ್ಡಿನಲ್ಲಿ ಕಲೆತು ಕಪ್ಪು ರಾಡಿಯಾಯಿತು, ರಾಡಿ ಹೋಗಿ ನಕ್ಷೆಯ ಎಸಳುಗಳ ಸಂದಿಯಲ್ಲಿ ಕುಂತಿತು. ಮೊದಲು ಬರೀ ಅಂಟಿತ್ತು, ಈಗ ಮಣ್ಣಿನ ಹೆಂಟೆಯಂತೆ ಕಾಣುತ್ತದೆ. ನಾರಿನಿಂದ ಒಂದು ಕಡೆ ತಿಕ್ಕಿದ್ದಕ್ಕೆ ಗೆರೆ ಬಿತ್ತು, ಹೆದರಿ ಬಿಟ್ಟುಬಿಟ್ಟೆ. ಮೊಬೈಲಿನಲ್ಲಿ ನೋಡಿ ಬಿಸಿನೀರು, ಅಡುಗೆ ಸೋಡಾ, ಬೆಳ್ಳಿ ಬಣ್ಣದ ಹಾಳೆ, ಅದನ್ನೂ ಮಾಡಿದೆ. ಕೆಸುವಿನೆಲೆಯ ಮೇಲೆ ಬಿದ್ದಂತೆ ನೀರು ಜಾರಿ ಹೋಗುತ್ತದೆ, ಬೆಳ್ಳಿಗೆ ತಾಕುವುದೇ ಇಲ್ಲ.

ಅತ್ತೆಯವರು ಅದನ್ನು ಬೆಳ್ಳಿ-ಬಂಗಾರದ ಕೆಲಸದ ಪತ್ತಾರ ಉತ್ತಮ ಅವರ ಹತ್ತಿರ ಒಯ್ದರು. ಅವರು ಉಗುರಿನಿಂದ ಕೆರೆದು ನೋಡಿ, 'ಚೊಕ್ಕ ಬೆಳ್ಳಿ ಅದರೀ ಬಾಯಾರ. ಆದ್ರ ಎಣ್ಣಿ ಹಳೇದಾಗಿ ಅರಗಿನಂಗ ಕುಂತದ. ಭಟ್ಟಿಗೆ ಹಾಕಿ ಕರಗಿಸಿದ್ರ ಹೋಗ್ತದ. ಹೊಸಾದು ಬಡದು ಕೊಡ್ತೀನಿ' ಅಂದರಂತೆ. ಅತ್ತೆಯವರಿಗೂ ಅದೇ ಸರಿ ಅನ್ನಿಸಿದೆ. 'ಹೊಸಾ ಕೂಸಿಗೆ ಹೊಸಾದು ಇರಲಿ. ಬೆಳ್ಳಿ ನಿಮ್ಮವ್ವಂದೇ ಅಲ್ಲೇನ, ಎಲ್ಲಿ ಹೋಗ್ತದ?' ಅಂತ ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೋಳಿ ಹುಣ್ಣಿಮೆಯೊಳಗೆ ಸಾಫ್ ಆಗದಿದ್ದರೆ ಕರಗಿಸುವುದು ಅಂತ ಮಾತಾಗಿದೆ.

ಮಾಮಾ, ಕರಗಿದ ಮೇಲೆ ಅದು ಬರೀ ಬೆಳ್ಳಿ. ನನಗೆ ಅವ್ವನ ಎದೆಯ ಮೇಲೆ ಅಲ್ಲಾಡುತ್ತಿದ್ದದ್ದೇ ಬೇಕು. ಒಂದು ದಿನದ ಮಟ್ಟಿಗೆ ಬರ್ರಿ. ಅವ್ವ ಹೋದ ಮೇಲೆ ನೀವು ಹುಮನಾಬಾದಿಗೆ ಕಾಲಿಟ್ಟಿಲ್ಲ.

ನಿಮ್ಮ
ಮನೀಷಾ


ಬಸವಕಲ್ಯಾಣ
28 ಜನವರಿ 2025

ಚಿರಂಜೀವಿ ಮನೀಷಾಗೆ ಆಶೀರ್ವಾದ.

ತಪ್ಪು ನನ್ನದಲ್ಲ, ಬೂದಿಯದು. ನಾನು ಹೇಳಿದ್ದು ಒಲೆಯ ಬೂದಿ. ನಿಮ್ಮ ಮನೆಯಲ್ಲಿ ಗ್ಯಾಸು ಇರುವಾಗ ನೀನು ಯಾವ ಬೂದಿ ತಂದೆಯೋ ಆ ಬಸವಣ್ಣನೇ ಬಲ್ಲ. ಅಗರಬತ್ತಿಯದಲ್ಲ ತಾನೇ? ನಿನ್ನ ಮಾಮಿ ಪತ್ರ ಓದಿ, 'ನೀವು ಹುಟ್ಟಿದಾಗಿಂದ ಒಂದು ತಾಟಾದ್ರೂ ತೊಳದೀರೇನು?' ಅಂತ ಕೇಳಿದಳು. ಅಂಥ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ.

ಆ ಪತ್ತಾರನ ಅಂಗಡಿಯಿಂದ ಡಬ್ಬಿ ಮನೆಗೆ ತಂದಿದ್ದೀರಲ್ಲ? ಇನ್ನು ಅಲ್ಲಿಗೆ ಒಯ್ಯಬೇಡ. ನಿಮ್ಮ ಅತ್ತೆ ವಿದ್ಯಾವತಿಯವರಿಗೆ, ಮಾಮಾ ಒಂದು ವಿದ್ಯೆ ಹುಡುಕಾಕತ್ತಾರ ಅಂತ ಹೇಳು. ಬೀಗರ ಮಾತಿಗೆ ಅಷ್ಟು ಬೆಲೆ ಇದ್ದೇ ಇದೆ.

ಆ ಎಣ್ಣೆ ಎಲ್ಲಿಯದು ಅಂತ ನಿನಗೆ ಗೊತ್ತೇ? ಕುಸುಬಿಯದು. ನಮ್ಮ ಹೊಲದಲ್ಲಿ ಕುಸುಬಿ ಹೂ ಬಿಟ್ಟಾಗ ಮುಳ್ಳಿಗೆ ಹೆದರಿ ದನವೂ ಒಳಗೆ ಹೋಗುತ್ತಿರಲಿಲ್ಲ, ಪಾರಕ್ಕ ಹೋಗುತ್ತಿದ್ದಳು. ನಮ್ಮಪ್ಪ ಗಾಣಕ್ಕೆ ಕಾಳು ಹಾಕಿದರೆ, ಎತ್ತಿನ ಹಿಂದೆ ಸುತ್ತುವ ಪಾಳಿ ನಮ್ಮವ್ವನದು, ಆಮೇಲೆ ಪಾರಕ್ಕನದು, ಅವಳ ಲಂಗದ ಅಂಚು ಹಿಡಿದು ಕೊನೆಯವನು ನಾನು. ಗಾಣ ಕಿರ್ರ್ ಅನ್ನುತ್ತಿತ್ತು. ಪಾರಕ್ಕ ಅದರ ತಾಳಕ್ಕೆ ನನ್ನನ್ನು ಬೈದು ಹಾಡು ಕಟ್ಟುತ್ತಿದ್ದಳು. ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೂ ಅವಳು ತಲೆಗೆ ಬೇರೆ ಎಣ್ಣೆ ಮುಟ್ಟಿಸಲಿಲ್ಲ. ಜಡೆ ಹೆಣೆದ ಕೈಯಿಂದಲೇ ಲಿಂಗ ತೆಗೆದು ಪೂಜೆ ಮಾಡಿಕೊಂಡು, ಅದೇ ಕೈಯಿಂದ ಮುಚ್ಚಿ ಎದೆಯ ಮೇಲೆ ಬಿಟ್ಟುಕೊಳ್ಳುತ್ತಿದ್ದಳು. ನೀನು ಜಿಡ್ಡು ಅನ್ನುತ್ತೀ. ನನಗೆ ಅದರಲ್ಲಿ ಇಡೀ ದುಬಲಗುಂಡಿ ಇದೆ.

ಇರಲಿ. ತೆಗೆಯಲೇಬೇಕು ಅಂದರೆ ತೆಗೆಯೋಣ. ಜರಾ ತಡೆ. ಮೊಳಕಾಲು ಹಾಗೇ ಇದೆ.

ವಿದ್ಯೆ ಹುಡುಕುತ್ತಿರುವ
ಗುರುಶಾಂತ ಮಾಮಾ


ಬಸವಕಲ್ಯಾಣ
20 ಫೆಬ್ರವರಿ 2025

ಮನೀಷಾ, ಸಿಕ್ಕಿತು!

ಇಷ್ಟು ದಿನ ಪತ್ರ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ನಾನು ಮನೆಯಲ್ಲೇ ಪ್ರಯೋಗ ಮಾಡುತ್ತಿದ್ದೆ. ನನ್ನದೇ ಗುಂಡಗಡಗಿಗೆ ಹಳೆಯ ಎಣ್ಣೆ ಬಳಿದು ಬಿಸಿಲಿಗಿಟ್ಟೆ, ಅಂಟು ಬರಿಸಿದೆ, ಆಮೇಲೆ ಒಂದೊಂದೇ ವಿದ್ಯೆ ಹಾಕಿ ನೋಡಿದೆ. ನಿನ್ನ ಮಾಮಿ ಓಣಿಗೆಲ್ಲ, 'ನಮ್ಮವರು ಸಾಫ್ ಇದ್ದದ್ದನ್ನ ಹೊಲಸು ಮಾಡಿ ಸಾಫ್ ಮಾಡಾಕತ್ತಾರ ನೋಡ್ರಿ' ಅಂತ ಸಾರಿದಳು. ನಗಲಿ ಬಿಡು.

ಯಾವುದೂ ಹತ್ತಲಿಲ್ಲ. ಮೊನ್ನೆ ಊಟಕ್ಕೆ ಕುಂತಾಗ ನಿನ್ನ ಮಾಮಿ ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಎಣ್ಣೆ ಸವರಿಕೊಂಡಳು. ಅವಳ ತಮ್ಮ ಎಲ್ಲಿಂದಲೋ ತಂದು ಕೊಟ್ಟ ಹಣ್ಣು ಅದು, ಸೋನೆ ಅಂಟಬಾರದು ಅಂತ ಸವರಿದ್ದು. ನನಗೆ ಒಮ್ಮೆಲೇ ನಮ್ಮವ್ವ ಕಣ್ಣ ಮುಂದೆ ನಿಂತಳು. ಗಾಣ ನಿಲ್ಲಿಸಿದ ಮೇಲೆ ಅವಳ ಕೈಮೇಲೆ ಹಳೆಯ ಎಣ್ಣೆ ಸಿಪ್ಪೆಗಟ್ಟಿರುತ್ತಿತ್ತು. ಅವಳು ಮೊದಲಿಗೇ ನೀರು ಮುಟ್ಟುತ್ತಿರಲಿಲ್ಲ. ಆ ಹೊತ್ತಿನ ತಾಜಾ ಎಣ್ಣೆ ಅಂಗೈಗೆ ಹಾಕಿಕೊಂಡು ತಿಕ್ಕುತ್ತಿದ್ದಳು. ನಾನು 'ಯವ್ವಾ, ಎಣ್ಣಿಗೆ ಮತ್ತ ಎಣ್ಣಿ ಯಾಕ?' ಅಂತ ಕೇಳಿದರೆ, 'ಹಳೇದು ಹೊಸಾದರ ಮಾತು ಕೇಳ್ತದೋ, ನೀರಿನ ಮಾತು ಕೇಳಂಗಿಲ್ಲ' ಅನ್ನುತ್ತಿದ್ದಳು. ಆಮೇಲೆ ಹಿಟ್ಟು, ಕಡೆಗೆ ಅಂಟವಾಳಕಾಯಿಯ ನೀರು.

ನನ್ನ ಡಬ್ಬಿಯ ಮೇಲೆ ಮಾಡಿದೆ. ಬಿಟ್ಟಿತು! ಈಗ ಸರಿಯಾಗಿ ಓದು.

ಕುಸುಬಿ ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಡಬ್ಬಿಗೆ ಸವರಿ ಹಗಲೆಲ್ಲ ಬಿಡು. ಗಟ್ಟಿ ಜಿಡ್ಡು ಮೆತ್ತಗಾಗುತ್ತದೆ. ನಿನ್ನ ಹೊಲಿಗೆ ಅಂಗಡಿಯಲ್ಲಿ ಮಲಮಲ್ ಬಟ್ಟೆಯ ಚೂರು ಬಿದ್ದಿರುತ್ತವಲ್ಲ, ಅದರಿಂದ ಒರೆಸು. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಸವರು, ಸಿಟ್ಟು ಮಾಡಬೇಡ. ಆಮೇಲೆ ಕಡಲೆಹಿಟ್ಟು ಉದುರಿಸಿ ಬೆರಳಿನಿಂದ ಮೆಲ್ಲಗೆ ಉಜ್ಜು, ಮೆತ್ತಗಾದ ಎಣ್ಣೆಯನ್ನು ಅದು ಕುಡಿಯುತ್ತದೆ. ನಿಮ್ಮ ಅತ್ತೆ ರೀಠಾ ಅನ್ನುವ ಅಂಟವಾಳಕಾಯಿಯನ್ನು ನೆನೆಸಿ ನೊರೆ ಬರಿಸಿ, ಬೆಚ್ಚಗಿನ ನೀರಿನಲ್ಲಿ ತೊಳೆ. ಸಂದಿಗೆ ಮಕ್ಕಳ ಮೆತ್ತನೆ ಬ್ರಶ್ಶು. ಕುದಿಯುವ ನೀರು ಬೇಡ. ನಾರು ಬೇಡ, ಬೂದಿ ಬೇಡ. ಬೆಳ್ಳಿ ಚೊಕ್ಕ ಇದ್ದಷ್ಟೂ ಮೆತ್ತಗಿರುತ್ತದೆ. ನೀರು ಅದರ ಮೇಲೆ ಹನಿಗಟ್ಟದೆ ಹರಡಿ ನಿಂತರೆ ಎಣ್ಣೆ ಹೋಯಿತು ಅಂತ ತಿಳಿ.

ಈ ವಿದ್ಯೆ ನನ್ನದೇ ಅಂತ ಹೇಳು. ನಮ್ಮವ್ವ ಏನೂ ಅನ್ನುವುದಿಲ್ಲ.

ಗುರುಶಾಂತ ಮಾಮಾ


ಹುಮನಾಬಾದ್
11 ಮಾರ್ಚ್ 2025

ಮಾಮಾನವರಿಗೆ ಶರಣಾರ್ಥಿ.

ನಿಮ್ಮ ಮಾತು ಈ ಸಲ ನಡೆಯಿತು. ನೀಲಾ ನನ್ನ ಪಕ್ಕದಲ್ಲಿ ಕುಳಿತು ಹಿಟ್ಟು ಉದುರಿಸುತ್ತಿದ್ದಳು. ಬೆಚ್ಚಗಿನ ಎಣ್ಣೆ ಸವರಿದ ತಕ್ಷಣ ಆ ವಾಸನೆ ಎದ್ದಿತು. ಕುಸುಬಿಯದು ಮಾತ್ರವಲ್ಲ. ಅವ್ವನ ತಲೆಗೂದಲು, ವಿಭೂತಿ, ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದ ಅಡಿಕೆ. ನಾನು ಮುಖ ತಿರುಗಿಸಿ ಕುಳಿತೆ. ನೀಲಾ, 'ಮಮ್ಮಿ, ಅಜ್ಜಿ ಬಂದಾಳೇನು?' ಅಂತ ಕೇಳಿದಳು.

ತೊಳೆಯುತ್ತಾ ಹೋದಂತೆ ನೀರು ಜಾರುವುದು ನಿಂತು ಹರಡಿತು. ಮಾಮಾ, ಎಸಳುಗಳು ಈಗ ತಾನೇ ಕೊರೆದಂತೆ ಇವೆ! ಎಣ್ಣೆ ಕುಂತ ಜಾಗದಲ್ಲಿ ಬೆಳ್ಳಿ ಕಪ್ಪಾಗಿಯೇ ಇರಲಿಲ್ಲ. ಅದೇ ಇಷ್ಟು ದಿನ ಕಾಪಾಡಿತ್ತು ಅನ್ನಿಸುತ್ತದೆ. ಅತ್ತೆಯವರು ಬೆಳಕಿಗೆ ಹಿಡಿದು ನೋಡಿ, 'ಕರಗಸೋದು ಬ್ಯಾಡ ಬಿಡು' ಅಂದೇಬಿಟ್ಟರು.

ಆದರೆ ಇನ್ನೊಂದು ಕಂಡಿತು. ಡಬ್ಬಿಯ ಕೆಳಗಿನ ಅಂಚಿನಲ್ಲಿ ಎರಡು ಸಣ್ಣ ತಗ್ಗು, ಪಕ್ಕಪಕ್ಕದಲ್ಲಿ. ಬಿದ್ದು ಆದದ್ದಲ್ಲ. ಯಾವುದೋ ಕೂಸಿನ ಹಲ್ಲಿನ ಗುರುತು. ಹಾಲು ಕುಡಿಯುವಾಗ ಕಚ್ಚಿದ್ದು. ನಾನಂತೂ ಅಲ್ಲ, ಆ ಡಬ್ಬಿ ಅವ್ವನ ಕೊರಳಿಗೆ ಬಂದದ್ದು ನಾನು ಶಾಲೆಗೆ ಹೋಗುವಾಗ. ಅಂದರೆ ಅದು ನಿಮ್ಮ ಮನೆಯ ಕೂಸು.

ಅತ್ತೆಯವರಿಗೆ ಅದು ಸರಿಬರಲಿಲ್ಲ. 'ಎಂಜಲಾದದ್ದು. ಅದರಾಗ ಲಿಂಗ ಹ್ಯಾಂಗ ಇಡೂದು? ಇಷ್ಟು ವರ್ಷ ಎಣ್ಣಿ ಮುಚ್ಚಿತ್ತು, ಯಾರಿಗೂ ಕಾಣಲಿಲ್ಲ. ಈಗ ಕಂಡದ' ಅಂದರು. ಉತ್ತಮ ಅವರು ಒಳಗಿನಿಂದ ಮೆಲ್ಲಗೆ ಬಡಿದು ತಗ್ಗು ಎತ್ತಿ, ಅಲ್ಲಿ ಉಜ್ಜಿ ಸಪಾಟು ಮಾಡುತ್ತಾರಂತೆ. ಅದಕ್ಕಾದರೆ ಅತ್ತೆಯವರು ಒಪ್ಪುತ್ತಾರೆ. ಯಾರ ಹಲ್ಲು ಅಂತ ನಿಮಗೆ ಗೊತ್ತಿರಬೇಕಲ್ಲ?

ನಿಮ್ಮ
ಮನೀಷಾ


ಬಸವಕಲ್ಯಾಣ
15 ಮಾರ್ಚ್ 2025

ಚಿರಂಜೀವಿ ಮನೀಷಾಗೆ,

ಆಶೀರ್ವಾದ ಆಮೇಲೆ. ಮೊದಲು ಆ ಪತ್ತಾರನ ಸುತ್ತಿಗೆ ಬಚ್ಚಿಡು.

ಆ ಹಲ್ಲು ನನ್ನವು. ಮತ್ತೆ ಯಾರವಾಗಲು ಸಾಧ್ಯ? ದುಬಲಗುಂಡಿಯಲ್ಲಿ ಬೆಳ್ಳಿ ಕಚ್ಚಿ ತಗ್ಗು ಮಾಡುವ ಹಲ್ಲು ನನಗೊಬ್ಬನಿಗೇ ಇದ್ದದ್ದು. ನಮ್ಮವ್ವ ಎತ್ತಿನ ಹಿಂದೆ ಸುತ್ತುವಾಗ ನನ್ನನ್ನು ಸೀರೆಯ ಮಡಿಲಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು. ಗಾಣ ಸುತ್ತಿದಂತೆ ಗುಂಡಗಡಗಿ ನನ್ನ ಮೂಗಿನ ಮುಂದೆ ತೂಗುತ್ತಿತ್ತು. ಒಂದು ದಿನ ಹಿಡಿದೆ, ಕಚ್ಚಿದೆ, ಬಿಡಲಿಲ್ಲ. ಅವ್ವ ಚೀರಿದಳು, ಎತ್ತು ನಿಂತಿತು, ಅಪ್ಪ ಓಡಿ ಬಂದ. 'ಇವನು ಮುಂದ ದೊಡ್ಡ ಮನಷಾ ಆಗ್ತಾನ' ಅಂತ ಅಪ್ಪ ಅಂದನಂತೆ. ಆದದ್ದು ನೀನೇ ನೋಡುತ್ತಿದ್ದೀ.

ಇನ್ನು ಎಂಜಲಿನ ಮಾತು. ಬೀಗತಿಯವರಿಗೆ ನನ್ನ ಶರಣು ಹೇಳಿ, ಇದನ್ನು ಓದಿ ಹೇಳು. ಲಿಂಗ ಕಟ್ಟಿದವರಿಗೆ ಎಂಜಲಿನ ಸೂತಕ ಇಲ್ಲ ಅಂತ ಸಣ್ಣವರಿದ್ದಾಗಿಂದ ಮಠದಲ್ಲಿ ಕೇಳುತ್ತಾ ಬಂದಿದ್ದೇವೆ. ಕೇಳುವಾಗ ತಲೆ ಅಲ್ಲಾಡಿಸಿ, ಮನೆಗೆ ಬಂದು ಒಂದು ಕೂಸಿನ ಜೊಲ್ಲಿಗೆ ಹೆದರಿದರೆ ಹ್ಯಾಂಗ? ತಾಯಿಯ ಎದೆಯ ಮೇಲೆ ಇದ್ದದ್ದನ್ನು ಕೂಸು ಬಾಯಿಗೆ ಹಾಕಿಕೊಂಡಿತು. ಅದಕ್ಕಿಂತ ಮಡಿ ಯಾವುದಿದೆ?

ಈಗ ನನ್ನ ಬಾಯಲ್ಲಿ ಒಂದೂ ಹಲ್ಲಿಲ್ಲ. ನನ್ನವು ಅನ್ನುವುದಕ್ಕೆ ಉಳಿದದ್ದು ಅವೆರಡೇ. ಅವನ್ನೂ ಬಡಿದು ಸಪಾಟು ಮಾಡುತ್ತೀರಾ?

ಗುರುಶಾಂತ


ಹುಮನಾಬಾದ್
2 ಏಪ್ರಿಲ್ 2025

ಮಾಮಾನವರಿಗೆ ಶರಣಾರ್ಥಿ.

ನಿಮ್ಮ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಜೊಲ್ಲಿನ ಮಾತು ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡರು. ನಕ್ಕರೋ ಸಿಟ್ಟಾದರೋ ತಿಳಿಯಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: 'ಬೀಗರು ಕಾಗದದಾಗ ಶೂರ ಇದ್ದಾರ. ದೀಕ್ಷಾದ ದಿನ ಬಂದು, ದೀಕ್ಷಾ ಕೊಡೋ ಅಯ್ಯನವರ ಮುಂದ, ಇವು ನನ್ನ ಹಲ್ಲು ಅಂತ ಬಾಯಿಬಿಟ್ಟು ಹೇಳಲಿ. ಹೇಳಿದ್ರ ಹಂಗೇ ಇರಲಿ. ಬರಲಿಲ್ಲಂದ್ರ ಹಿಂದಿನ ದಿನ ಉತ್ತಮನ ಕಡೆ ಕಳಸ್ತೀನಿ.'

ನಾನು ಏನೂ ಕೇಳುವುದಿಲ್ಲ ಮಾಮಾ. ಆ ಡಬ್ಬಿ ನನ್ನ ಹೊಲಿಗೆ ಮಷೀನಿನ ಖಾನೆಯಲ್ಲಿದೆ.

ಮನೀಷಾ


ಬಸವಕಲ್ಯಾಣ
8 ಏಪ್ರಿಲ್ 2025

ಮನೀಷಾ,

ಹಿಂದಿನ ದಿನವೇ ಬರುತ್ತೇನೆ. ಕಬ್ಬಿನ ಹಂಗಾಮು ಮುಗಿದು ರಸ್ತೆ ಖಾಲಿ ಇದೆ. ಮೊಳಕಾಲಿಗೆ ಇನ್ನೂ ಈ ಸುದ್ದಿ ಹೇಳಿಲ್ಲ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಡು.

ಮಾಮಾ


ಬಸವಕಲ್ಯಾಣ
6 ಮೇ 2025

ಚಿರಂಜೀವಿ ಮನೀಷಾಗೆ ಆಶೀರ್ವಾದ.

ಸುಖವಾಗಿ ಬಂದು ಮುಟ್ಟಿದೆ. ಬಸ್ಸಿನಲ್ಲಿ ಪಕ್ಕದವನಿಗೆ ನನ್ನ ಭಾಷಣವನ್ನು ಮತ್ತೊಮ್ಮೆ ಒಪ್ಪಿಸಿದೆ, ಅವನು ನಡುವೆಯೇ ಇಳಿದುಹೋದ. ಅವನ ಊರು ಅದೇ ಇರಬೇಕು.

ಎಷ್ಟು ಜನ ಸೇರಿದ್ದರು ನಿಮ್ಮ ಮನೆಯಲ್ಲಿ! ನಾನು ಎದ್ದು ನಿಂತು, 'ಅಯ್ಯನವರೇ, ಇವು ನನ್ನ ಹಲ್ಲಿನ ಗುರುತು, ಯಾರಾದರೂ ಇಲ್ಲ ಅನ್ನಲಿ ನೋಡೋಣ' ಅಂದಾಗ ನಿನ್ನ ಗಂಡ ಓಂಪ್ರಕಾಶ ಕೂಡ ಫೋನು ಕೆಳಗಿಟ್ಟ. ಆಗಲೇ ನೀಲಾ, 'ಮುತ್ಯಾ, ಬಾಯಿ ತೆರೀರಿ, ಹಚ್ಚಿ ನೋಡೋಣು' ಅಂದಳಲ್ಲ! ನನ್ನ ಬೊಚ್ಚುಬಾಯಿ ನೋಡಿ ಅಯ್ಯನವರೇ ನಕ್ಕುಬಿಟ್ಟರು. ಅವಳದೂ ಮುಂದಿನ ಹಲ್ಲು ಬಿದ್ದಿವೆ. ಜೋಡಿ ಚೆನ್ನಾಗಿತ್ತು. ವಿದ್ಯಾವತಿಯವರು, 'ಆಯ್ತ್ರಿ ಬೀಗರ, ಗೆದ್ರಿ' ಅಂತ ತಾವೇ ಡಬ್ಬಿಗೆ ಶಿವದಾರ ಪೋಣಿಸಿ ಅಯ್ಯನವರ ಕೈಗೆ ಕೊಟ್ಟರಲ್ಲ, ಅವರಿಗೆ ನನ್ನ ಸಾಷ್ಟಾಂಗ ಹೇಳು.

ಇಷ್ಟು ದಿನ ಯಾಕೆ ಬರಲಿಲ್ಲ ಅಂತ ನೀನು ಕೇಳಲಿಲ್ಲ. ಮೊಳಕಾಲು ನೆಟ್ಟಗಿದೆ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಇಳಿದರೆ ಕಾಲು ತಾವೇ ಪಾರಕ್ಕನ ಓಣಿಗೆ ತಿರುಗುತ್ತವೆ ಅಂತ ಹೆದರಿಕೆ ಇತ್ತು. ಹೆದರಿದಂತೆಯೇ ತಿರುಗಿದವು. ಬಾಡಿಗೆಯವರು ಬಾಗಿಲ ಮುಂದೆ ಬಟ್ಟೆ ಒಣಗಹಾಕಿದ್ದರು. ಒಂದು ಹೆಣ್ಣುಮಗಳು, 'ಯಾರು ಬೇಕಾಗಿತ್ರಿ?' ಅಂತ ಕೇಳಿದಳು. ಯಾರೂ ಇಲ್ಲ ಅಂದು ನಿಮ್ಮ ಮನೆಗೆ ಬಂದೆ.

ಇನ್ನೊಂದನ್ನೂ ನೀನು ಕೇಳಲಿಲ್ಲ. ನೀನು ಜಾಣೆ. ಹುಲಸೂರಿನ ಆಡಿನ ಮಾತು ನಿನಗೆ ನೆನಪಿರಬೇಕು.

ನಾನು ಹುಟ್ಟಿದಾಗ ನಮ್ಮವ್ವ ಜಡ್ಡಿಗೆ ಬಿದ್ದಳು, ಎದೆಯ ಹಾಲು ಬತ್ತಿತು. ಆಡಿನ ಹಾಲು ಕುಡಿಸಿ ಸಾಕಲಿ ಅಂತ ನನ್ನನ್ನು ಹುಲಸೂರಿನ ಚಿಕ್ಕವ್ವನ ಮನೆಯಲ್ಲಿ ಬಿಟ್ಟರು. ಹಲ್ಲು ಮೂಡಿದ್ದೂ ಅಲ್ಲೇ, ಓಡಾಡಲು ಕಲಿತದ್ದೂ ಅಲ್ಲೇ. ಆ ಗುಂಡಗಡಗಿ ನನ್ನ ಬಾಯಿಗೆ ಎಂದೂ ಬಂದಿಲ್ಲ. ಅವು ಪಾರಕ್ಕನ ಹಲ್ಲು.

ನನ್ನನ್ನು ದುಬಲಗುಂಡಿಗೆ ವಾಪಸ್ ತಂದಾಗ ಅವ್ವ ನನಗೆ ಯಾರೋ ಹೊರಗಿನ ಹೆಂಗಸು. ಪಾರಕ್ಕ ಅವಳ ಮಡಿಲಿನಲ್ಲಿ ಕುಳಿತು ಆ ಡಬ್ಬಿ ಎತ್ತಿ ತೋರಿಸುತ್ತಿದ್ದಳು: 'ಇಲ್ಲಿ ನೋಡು, ಇವು ನನ್ನವು. ನಿನ್ನವು ಎಲ್ಲ್ಯಾವ?' ನಾನು ಅಳುತ್ತಿದ್ದೆ. ದಿನಾ ತೋರಿಸುತ್ತಿದ್ದಳು, ದಿನಾ ಅಳುತ್ತಿದ್ದೆ. ಒಂದು ದಿನ ಅಳು ನಿಲ್ಲಲೇ ಇಲ್ಲ. ಆಗ ಅವಳು ನನ್ನ ಬೆರಳು ಹಿಡಿದು ಆ ಎರಡು ತಗ್ಗಿನ ಮೇಲೆ ಇಟ್ಟು, 'ಸುಮ್ಮನಿರು. ಇದು ನಂದು, ಇದು ನಿಂದು. ಅಳಬ್ಯಾಡ' ಅಂದಳು.

ಸತ್ತವಳು ಎದ್ದು ಬಂದು ನಿಮ್ಮ ಅತ್ತೆಯ ಮುಂದೆ ವಾದ ಮಾಡುತ್ತಿರಲಿಲ್ಲ. ನಾನಿದ್ದೆ, ಮಾಡಿದೆ. ಮತ್ತು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅರ್ಧ ಖರೇ ಇದೆ. ಪಾಲು ಕೊಟ್ಟವಳು ಅವಳೇ.

ಬೇಸಿಗೆಯಲ್ಲಿ ಕೂಸಿಗೆ ಬೆವರು ಬರುತ್ತದೆ, ಅವಳ ಜಡೆಗೂ ನೀನು ಎಣ್ಣೆ ಹಚ್ಚುತ್ತೀ. ಗುಂಡಗಡಗಿ ಮತ್ತೆ ಜಿಡ್ಡಾಗುತ್ತದೆ. ಆಗಲಿ ಬಿಡು, ಹೆದರಬೇಡ, ವಿದ್ಯೆ ನಿನಗೆ ಗೊತ್ತಿದೆ. ನೀಲಾಗೇ ಕಲಿಸು. ಎಸಳಿನ ಸಂದಿಯಲ್ಲಿ ಚೆನ್ನಾಗಿ ಉಜ್ಜಲಿ. ಕೆಳಗಿನ ಅಂಚಿಗೆ ಬಂದಾಗ ಮಾತ್ರ ಬಟ್ಟೆ ಹಗುರ ಹಿಡಿಯಲು ಹೇಳು.

ನಿನ್ನ ಅವ್ವನ ತಮ್ಮ,
ಗುರುಶಾಂತ